ಕೆಂಪು ಪಟ್ಟಿಯ ನಡಿಗೆ

ಬೆಂಗಳೂರಿನ ಪೀಣ್ಯದಲ್ಲಿ ಇಂಡಕ್ಷನ್ ಹಾರ್ಡನಿಂಗ್ ಮಾಡುವ ಶೆಡ್ಡಿಗೆ ಕಾಲಿಟ್ಟರೆ ಮೊದಲು ಕಣ್ಣು ಸೆಳೆಯುವುದು ಎರಡು ಬೆರಳಗಲದ ಕೆಂಪು ಪಟ್ಟಿ. ತಾಮ್ರದ ಕಾಯಿಲ್ ನಡುವೆ ಉಕ್ಕಿನ ಶಾಫ್ಟ್ ಗಿರಗಿರನೆ ತಿರುಗುತ್ತಾ ನಿಧಾನಕ್ಕೆ ಕೆಳಗಿಳಿಯುತ್ತದೆ. ಕಾಯಿಲ್ ಒಳಗೆ ಬಂದಷ್ಟು ಭಾಗ ಕೆಂಡವಾಗುತ್ತದೆ. ಕೆಳಗಿನ ಉಂಗುರದಿಂದ ಚಿಮ್ಮುವ ನೀರು ತಗಲಿದ್ದೇ ಕಪ್ಪಾಗುತ್ತದೆ. ಇದ್ದಿಲಿಲ್ಲ, ತಿದಿಯಿಲ್ಲ. ಕಾಯಿಲ್‌ನ ವಿದ್ಯುತ್ತು ಉಕ್ಕಿನ ಮೈಯಲ್ಲೇ ಸುಳಿ ಪ್ರವಾಹ ಎಬ್ಬಿಸಿ ಅದನ್ನು ಕಾಯಿಸುತ್ತದೆ. ಹೊರಮೈ ಸವೆಯದಷ್ಟು ಗಡುಸಾಗಬೇಕು, ತಿರುಳು ಮುರಿಯದಷ್ಟು ಮೆದುವಾಗಿಯೇ ಉಳಿಯಬೇಕು.

ಆ ಇಳಿಯುವ ವೇಗ ಎಷ್ಟಿರಬೇಕು? ಇಡೀ ಕಸುಬು ನಿಂತಿರುವುದು ಈ ಪ್ರಶ್ನೆಯ ಮೇಲೆ. ಗಿರಾಕಿಗೆ ಹೇಳುವ ದರವೂ ಇದರಿಂದಲೇ ಹುಟ್ಟುತ್ತದೆ.

30 ಮಿ.ಮೀ. ವ್ಯಾಸದ, 300 ಮಿ.ಮೀ. ಉದ್ದದ ಇಎನ್8 ಉಕ್ಕಿನ ಶಾಫ್ಟ್ ಬಂತೆನ್ನೋಣ. 3 ಮಿ.ಮೀ. ಆಳದವರೆಗೆ ಹಾರ್ಡ್ ಆಗಬೇಕು. ಆ ಆಳಕ್ಕೆ 10 ಕಿಲೋಹರ್ಟ್ಸ್ ಯಂತ್ರ ಒಗ್ಗುತ್ತದೆ. ಕಾಯಿಲ್ ಅಗಲ 20 ಮಿ.ಮೀ. ಇರಲಿ. ಮೈ ಸುಮಾರು 900 ಡಿಗ್ರಿ ಮುಟ್ಟಲು 4 ಸೆಕೆಂಡ್ ಬೇಕೆಂದು ಅಂದಾಜಿಸಿದರೆ, 20ನ್ನು 4ರಿಂದ ಭಾಗಿಸಿ: ಸೆಕೆಂಡಿಗೆ 5 ಮಿ.ಮೀ. ಅಂದರೆ ಇಡೀ ಶಾಫ್ಟಿಗೆ ಒಂದು ನಿಮಿಷ. ಏರಿಸುವ, ಇಳಿಸುವ ಹೊತ್ತನ್ನೂ, ಶುರುವಿನಲ್ಲಿ ತುದಿ ಕಾಯಲೆಂದು ಕ್ಷಣ ನಿಲ್ಲಿಸುವುದನ್ನೂ ಮರೆತು ದರ ಹೇಳಿದರೆ ನಷ್ಟ ಖಂಡಿತ.

ಆಳ ಇಮ್ಮಡಿಯಾದರೆ ಸಮಯವೂ ಇಮ್ಮಡಿ ಎಂದುಕೊಳ್ಳುವವರು ಬಹಳ. ಶಾಖ ತಾನಾಗಿ ಹರಿದು ಒಳಗಿಳಿಯಬೇಕಾದ ಕಡೆ ಹೆಚ್ಚುಕಡಿಮೆ ನಾಲ್ಕರಷ್ಟು ಸಮಯ ಬೇಕು. ಅವಸರ ಮಾಡಿದರೆ ಪದರ ತೆಳುವಾಗುತ್ತದೆ. ತೀರಾ ನಿಧಾನವಾದರೆ ಕಾವು ಮಿತಿಮೀರಿ ಉಕ್ಕಿನ ಕಣಗಳು ದಪ್ಪವಾಗುತ್ತವೆ. ಶಾಫ್ಟಿನಲ್ಲಿ ಕೊರೆದ ಕೀವೇ ತೋಡಿನ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿಕೊಂಡರೆ ಆ ಶಾಫ್ಟ್ ಗುಜರಿಗೆ.

ಆದ್ದರಿಂದ ಲೆಕ್ಕ ಎಷ್ಟೇ ಚೊಕ್ಕವಾಗಿದ್ದರೂ ಮೊದಲ ಶಾಫ್ಟನ್ನು ಬಲಿ ಕೊಡಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅಡ್ಡಲಾಗಿ ಕತ್ತರಿಸಿ, ಕನ್ನಡಿಯಂತೆ ಉಜ್ಜಿ, ನೈಟ್ರಿಕ್ ಆಮ್ಲ ಬೆರೆಸಿದ ಸ್ಪಿರಿಟ್ ಸವರಿದರೆ ಹಾರ್ಡ್ ಆದ ಪದರ ಬೇರೆ ಬಣ್ಣದ ಬಳೆಯಂತೆ ಎದ್ದು ಕಾಣುತ್ತದೆ. ಬಳೆಯ ದಪ್ಪ 2.6 ಬಂತೇ? ವೇಗವನ್ನು 4.5ಕ್ಕೆ ಇಳಿಸಿ, ಇನ್ನೊಂದು ಶಾಫ್ಟ್ ಏರಿಸುತ್ತಾರೆ.