ಆಟ ಮುಗೀಲಿ, ಆಮೇಲೆ ಟೀ ಕುಡಿಯೋಣ

ಮಾವಿನ ಸೀಸನ್ ಶುರುವಾಯಿತೆಂದರೆ ನಮ್ಮ ಕರಾವಳಿಯ ಹಣ್ಣಿನ ವ್ಯಾಪಾರಿಗಳು ಘಟ್ಟ ಹತ್ತುತ್ತಾರೆ. ಬೆಂಗಳೂರು ದಾಟಿ, ಕೋಲಾರ ದಾಟಿ, ಶ್ರೀನಿವಾಸಪುರದ ಮಂಡಿಗೆ. ತೋತಾಪುರಿ, ಬಾದಾಮಿ, ಬೇನಿಷಾ ರಾಶಿ ರಾಶಿ ಬಿದ್ದಿರುವ ಊರು ಅದು. ಒಂದು ಸೀಸನಿನಲ್ಲಿ ನಾವೂ ಪರಿಚಯದ ಕಾಕ ಒಬ್ಬರ ಲಾರಿಯಲ್ಲಿ ಹೋಗಿದ್ದೆವು. ಲೋಡ್ ಆಗುವುದಕ್ಕೆ ಎರಡು ದಿನ ಕಾಯಬೇಕಿತ್ತು. ಕಾಯುವ ಕೆಲಸ ನಮ್ಮ ಹುಡುಗರಿಗೆ ಬರುವುದಿಲ್ಲ. ಉಳ್ಳಾಲ, ಬೆಂಗರೆ ಕಡೆಯ ಏಳು ಜನ ಕ್ಲೀನರ್, ಡ್ರೈವರ್ ಹುಡುಗರು ಸೇರಿ, ಮಂಡಿಯಲ್ಲಿ ಕೆಲಸ ಮಾಡುವ ಅಲ್ಲಿನ ಹುಡುಗರ ಜೊತೆ ಒಂದು ಸೆವೆನ್ಸ್ ಫುಟ್ಬಾಲ್ ಪಂದ್ಯ ಇಟ್ಟುಕೊಂಡರು.

ರೆಫರಿ ಬೇಕಲ್ಲ? ಅಲ್ಲಿಯವರೇ ಆದ ಒಬ್ಬ ಪಿ.ಟಿ. ಮೇಷ್ಟ್ರು ಒಪ್ಪಿಕೊಂಡರು. ಎದುರು ತಂಡದ ಅರ್ಧ ಜನ ಅವರ ಹಳೇ ಶಿಷ್ಯರು. ನಮ್ಮ ಕಾಕನಿಗೆ ಇದು ಗೊತ್ತಾಯಿತು. ಅಸರ್ ನಮಾಝ್ ಮುಗಿಸಿ ಬಂದವರೇ ಮೈದಾನದ ಪಕ್ಕದ ಗಾಡಿಯ ಹತ್ತಿರ ಮೇಷ್ಟ್ರನ್ನು ಕರೆದು, "ಬನ್ನಿ, ಒಂದು ಚಾ ಕುಡಿಯುವ" ಅಂದರು. ಮೇಷ್ಟ್ರು ನಕ್ಕು, "ಬೇಡ ಸಾರ್. ಆಟ ಮುಗೀಲಿ, ಆಮೇಲೆ ಟೀ ಕುಡಿಯೋಣ" ಅಂದುಬಿಟ್ಟರು. ಕಾಕನಿಗೆ ಸಣ್ಣ ಅವಮಾನ. "ಒಂದು ಚಾ ಕುಡಿದ್ರೆ ಇವರ ಮರ್ಯಾದೆ ಹೋಗ್ತದಾ?" ಎಂದು ನಮ್ಮ ಕಿವಿಯಲ್ಲಿ ಗೊಣಗಿದರು. ನಮಗೂ ಹಾಗೇ ಅನ್ನಿಸಿತು, ಇದು ಸ್ವಲ್ಪ ಧಿಮಾಕಿನ ಮನುಷ್ಯ ಎಂದು.

ಆಟ ಮುಗಿಯಲು ಐದು ನಿಮಿಷ ಇರುವಾಗ ನಮ್ಮ ಹುಡುಗನೊಬ್ಬ ಚೆಂಡು ಹಿಡಿದು ನುಗ್ಗಿದ, ಎದುರಿನವನ ಕಾಲು ತಾಗಿ ಬಿದ್ದ. ಸುಣ್ಣದ ಪುಡಿಯಲ್ಲಿ ಎಳೆದ ಪೆನಾಲ್ಟಿ ಬಾಕ್ಸಿನ ಗೆರೆ ಅಷ್ಟು ಹೊತ್ತಿಗೆ ಕಾಲ್ತುಳಿತಕ್ಕೆ ಅರ್ಧ ಅಳಿಸಿ ಹೋಗಿತ್ತು. ಮೇಷ್ಟ್ರು ವಿಷಲ್ ಊದಿದರು. ಪೆನಾಲ್ಟಿ! ತಮ್ಮ ಶಿಷ್ಯರ ವಿರುದ್ಧ, ತಮ್ಮ ಊರಿನ ಜನರ ಎದುರು.

"ಹೊರಗೆ ಮೇಷ್ಟ್ರೆ, ಅದು ಹೊರಗೆ" ಎಂದು ಎದುರು ತಂಡದ ಕ್ಯಾಪ್ಟನ್ ಗೋಗರೆದ. ಜನ ಒಳಗೆ ನುಗ್ಗಿದರು. ಉರ್ದು, ತೆಲುಗು, ಕನ್ನಡ ಮೂರೂ ಭಾಷೆಯಲ್ಲಿ ಬೈಗುಳ. ಅದರ ನಡುವೆ ಒಂದು ಸ್ವರ ಎಲ್ಲರಿಗೂ ಕೇಳಿಸಿತು: "ಮಾವಿನ ಸಾಹುಕಾರ್ರು ಎಷ್ಟು ಕೊಟ್ರು?" ಕಾಕ ನಮ್ಮ ಮುಖ ನೋಡಿದರು. ಆ ಚಾ ಕುಡಿದಿದ್ದರೆ ಮೇಷ್ಟ್ರ ಗತಿ ಏನಾಗುತ್ತಿತ್ತು ಎಂದು ಆಗ ಹೊಳೆಯಿತು. ಮೇಷ್ಟ್ರು ಮಾತ್ರ ಚೆಂಡನ್ನು ಕೈಯಲ್ಲಿ ಹಿಡಿದು ಅಲ್ಲೇ ನಿಂತಿದ್ದರು. ಪೆನಾಲ್ಟಿ ಹೊಡೆದದ್ದು ಗೋಲಾಯಿತು. ನಾವು ಗೆದ್ದೆವು. ನಮ್ಮ ಒಬ್ಬ ಹುಡುಗನ ಮೊಬೈಲಿನಲ್ಲಿ ಅಷ್ಟೂ ವಿಡಿಯೊ ಇತ್ತು. ಆ ವಿಡಿಯೊದ ಕಥೆಗೆ ಮತ್ತೆ ಬರುತ್ತೇವೆ.

ರೆಫರಿ ಅಂದ ಕೂಡಲೇ ನಮ್ಮ ಮನೆಗಳಲ್ಲಿ ಈಗಲೂ ಜಗಳಕ್ಕೆ ಕಾರಣವಾಗುವ ಪಂದ್ಯ ಒಂದುಂಟು. 2023ರ ಮಾರ್ಚ್ 3, ಬೆಂಗಳೂರಿನ ಕಂಠೀರವ ಕ್ರೀಡಾಂಗಣ, ಐಎಸ್‌ಎಲ್ ನಾಕೌಟ್, ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್. ಮಂಗಳೂರಿನಿಂದ ಕಾಸರಗೋಡಿನ ತನಕ ಒಂದೇ ಮನೆಯಲ್ಲಿ ಅಣ್ಣನಿಗೆ ನೀಲಿ ಜೆರ್ಸಿ, ತಮ್ಮನಿಗೆ ಹಳದಿ ಜೆರ್ಸಿ ಇರುವ ಕುಟುಂಬಗಳು ನಮ್ಮಲ್ಲಿ ಕಡಿಮೆಯೇನಲ್ಲ. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯದಲ್ಲಿ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಕೇರಳದ ಗೋಲ್‌ಕೀಪರ್ ಪ್ರಭ್‌ಸುಖನ್ ಗಿಲ್ ಇನ್ನೂ ತಡೆಗೋಡೆ ನಿಲ್ಲಿಸುತ್ತಿದ್ದಾಗಲೇ ಸುನಿಲ್ ಛೆಟ್ರಿ ಚೆಂಡನ್ನು ಬಲೆಗೆ ಕಳಿಸಿಬಿಟ್ಟರು. ರೆಫರಿ ಕ್ರಿಸ್ಟಲ್ ಜಾನ್ ಗೋಲು ಎಂದರು. ಕೇರಳದ ಕೋಚ್ ಇವಾನ್ ವುಕೊಮಾನೊವಿಚ್ ತಮ್ಮ ಆಟಗಾರರನ್ನೆಲ್ಲ ಹೊರಗೆ ಕರೆದುಕೊಂಡರು. ತಂಡ ಮತ್ತೆ ಮೈದಾನಕ್ಕೆ ಇಳಿಯಲೇ ಇಲ್ಲ.

ನಿಯಮ ಏನು ಹೇಳುತ್ತದೆ? ಫ್ರೀ ಕಿಕ್ ಸಿಕ್ಕಿದ ತಂಡ ಎದುರಾಳಿ 9.15 ಮೀಟರ್ ದೂರ ಹೋಗುವವರೆಗೆ ಕಾಯಬೇಕಾಗಿಲ್ಲ, ಬೇಗನೆ ಹೊಡೆಯಬಹುದು. ಆದರೆ ರೆಫರಿ ತಾನೇ ಮಧ್ಯೆ ಪ್ರವೇಶಿಸಿ ಗೋಡೆಯನ್ನು ಹಿಂದೆ ಸರಿಸತೊಡಗಿದರೆ, ಮತ್ತೆ ವಿಷಲ್ ಊದುವ ತನಕ ಹೊಡೆಯುವಂತಿಲ್ಲ. ಜಗಳ ಇರುವುದೇ ಇಲ್ಲಿ. ವಿಷಲ್ ಬೇಡ, ಗೋಡೆ ಬೇಡ ಎಂದು ರೆಫರಿಗೆ ಮೊದಲೇ ಹೇಳಿದ್ದೆ ಎಂದು ಛೆಟ್ರಿ ಆಮೇಲೆ ತಿಳಿಸಿದರು. ಎದುರಾಳಿಗೆ ತಯಾರಾಗಲು ಸಮಯ ಕೊಡಲಿಲ್ಲ ಎಂಬುದು ಕೇರಳದವರ ವಾದ. ಎಐಎಫ್‌ಎಫ್ ಶಿಸ್ತು ಸಮಿತಿ ಕೇರಳದ ದೂರನ್ನು ತಳ್ಳಿಹಾಕಿತು. ಅದೇ ತಿಂಗಳ ಕೊನೆಗೆ ಪಂದ್ಯ ಬಿಟ್ಟು ಹೋದದ್ದಕ್ಕೆ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯಗಳ ನಿಷೇಧ ಮತ್ತು 5 ಲಕ್ಷ ದಂಡ ಬಿತ್ತು.

ಗೋಲು ಸರಿಯೋ ತಪ್ಪೋ ಎಂಬ ಪಂಚಾಯಿತಿಗೆ ನಾವು ಇಳಿಯುವುದಿಲ್ಲ. ಈ ಪುಟದ ಓದುಗರಲ್ಲಿ ಎರಡೂ ಜೆರ್ಸಿಯವರು ಇದ್ದಾರೆ. ನಮಗೆ ಬೇಸರವಾದದ್ದು ಬೇರೆ ವಿಷಯಕ್ಕೆ. ಆ ರಾತ್ರಿ ನಮ್ಮ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ "ರೆಫರಿ ತಪ್ಪು ಮಾಡಿದ" ಎಂದವರು ಕಡಿಮೆ, "ರೆಫರಿಯನ್ನು ಖರೀದಿ ಮಾಡಿದ್ದಾರೆ" ಎಂದವರು ಜಾಸ್ತಿ. ತಪ್ಪು ಬೇರೆ, ಮೋಸ ಬೇರೆ. ತಪ್ಪಾಯಿತು ಅನ್ನಲು ಕಣ್ಣು ಸಾಕು. ಮೋಸ ಮಾಡಿದ ಅನ್ನಬೇಕಾದರೆ ಸಾಕ್ಷಿ ಬೇಕು. ಸಾಕ್ಷಿ ಇಲ್ಲದೆ ಒಬ್ಬನ ಮೇಲೆ ಆರೋಪ ಹೊರಿಸುವುದು ಎಂಥ ದೊಡ್ಡ ಗುನಾಹ್ ಎಂದು ಮದ್ರಸದಲ್ಲಿ ಉಸ್ತಾದರು ಕಲಿಸಿದ್ದನ್ನು ಫುಟ್ಬಾಲ್ ಬಂದಾಗ ಮರೆತೇಬಿಡುತ್ತೇವೆ.

ಹಾಗಂತ ರೆಫರಿಗಳೆಲ್ಲ ಹಾಲಿನಲ್ಲಿ ತೊಳೆದವರು ಎಂದೇನೂ ಅಲ್ಲ. 2025ರ ಅಕ್ಟೋಬರಿನಲ್ಲಿ ಟರ್ಕಿಯ ಫುಟ್ಬಾಲ್ ಫೆಡರೇಷನ್ ತನಿಖೆ ಮಾಡಿದಾಗ ನೂರಾರು ರೆಫರಿಗಳಿಗೆ ಬೆಟ್ಟಿಂಗ್ ಖಾತೆ ಇದ್ದದ್ದು ಬಯಲಾಯಿತು; 149 ಮಂದಿಯನ್ನು ಅಮಾನತು ಮಾಡಿದರು. ಅದೇ ಟರ್ಕಿಯಲ್ಲಿ 2023ರ ಡಿಸೆಂಬರ್ 11ರಂದು ಅಂಕಾರದಲ್ಲಿ ಪಂದ್ಯ ಮುಗಿದ ಕೂಡಲೇ ಕ್ಲಬ್ಬಿನ ಅಧ್ಯಕ್ಷನೇ ಮೈದಾನಕ್ಕೆ ನುಗ್ಗಿ ರೆಫರಿ ಹಲೀಲ್ ಉಮುತ್ ಮೆಲೆರ್ ಮುಖಕ್ಕೆ ಗುದ್ದಿ ಕೆಡವಿದ್ದ. ಲೀಗನ್ನೇ ಕೆಲವು ದಿನ ನಿಲ್ಲಿಸಬೇಕಾಯಿತು. ಹಣದ ಆಸೆ ಒಂದು ಕಡೆ, ಗುದ್ದಿನ ಹೆದರಿಕೆ ಇನ್ನೊಂದು ಕಡೆ.

ಇವೆರಡೂ ಇಲ್ಲದೆಯೂ ರೆಫರಿ ವಾಲುತ್ತಾನೆ, ತನಗೇ ಗೊತ್ತಾಗದ ಹಾಗೆ. ಸ್ಪೇನ್ ಲೀಗಿನ ಪಂದ್ಯಗಳನ್ನು ಲೂಯಿಸ್ ಗರಿಕಾನೊ ಮತ್ತು ಜೊತೆಗಾರರು ಲೆಕ್ಕ ಹಾಕಿ ನೋಡಿದ್ದರು. ಊರಿನ ತಂಡ ಒಂದು ಗೋಲಿನಿಂದ ಹಿಂದಿದ್ದರೆ ರೆಫರಿ ಕೊನೆಗೆ ಕೊಡುವ ಹೆಚ್ಚುವರಿ ನಿಮಿಷ ಜಾಸ್ತಿ. ಒಂದು ಗೋಲಿನಿಂದ ಮುಂದಿದ್ದರೆ ಕಡಿಮೆ. ಯಾರೂ ಲಂಚ ಕೊಟ್ಟಿದ್ದರಿಂದ ಆದದ್ದಲ್ಲ, ಕೂಗುವ ಜನರ ನಡುವೆ ನಿಂತದ್ದರಿಂದ. 2020ರ ಮೇ ತಿಂಗಳಲ್ಲಿ, ನಾವೆಲ್ಲ ಲಾಕ್‌ಡೌನಿನ ರಂಝಾನಿನಲ್ಲಿ ಮನೆಯಲ್ಲೇ ತರಾವೀಹ್ ಮಾಡುತ್ತಿದ್ದಾಗ, ಜರ್ಮನಿಯಲ್ಲಿ ಖಾಲಿ ಕ್ರೀಡಾಂಗಣದಲ್ಲಿ ಫುಟ್ಬಾಲ್ ಮತ್ತೆ ಶುರುವಾಯಿತು. ಜನರಿಲ್ಲದ ಆ ಪಂದ್ಯಗಳಲ್ಲಿ ಊರಿನ ತಂಡಕ್ಕೆ ಇದ್ದ ಅನುಕೂಲ ಕರಗಿತು. ಹೊರಗಿನ ತಂಡಕ್ಕೆ ಬೀಳುತ್ತಿದ್ದ ಹಳದಿ ಕಾರ್ಡುಗಳೂ ಇಳಿದವು.

ಅಂದ ಮೇಲೆ ಗೆರೆಯ ಹೊರಗೆ ನಿಂತು ಕೂಗುವ ನಮ್ಮದೂ ಪಾಲು ಉಂಟಲ್ಲ? ನಮ್ಮ ಊರಿನ ಸೆವೆನ್ಸ್ ಟೂರ್ನಮೆಂಟುಗಳನ್ನೇ ನೋಡಿ. ಆತಿಥೇಯ ತಂಡದ ಸಂಘಟಕರೇ ರೆಫರಿಯನ್ನು ಕರೆಸುತ್ತಾರೆ, ಅವರ ಮನೆಯಲ್ಲೇ ಬಿರಿಯಾನಿ, ಕೊನೆಗೆ ಕವರ್ ಕೊಡುವವರೂ ಅವರೇ. ಕೆಟ್ಟ ಉದ್ದೇಶ ಯಾರಿಗೂ ಇರುವುದಿಲ್ಲ, ಸತ್ಕಾರ ನಮ್ಮ ಬ್ಯಾರಿಗಳ ರಕ್ತದಲ್ಲೇ ಇದೆ. ಆದರೆ ಆ ಬಿರಿಯಾನಿಯ ಋಣ ಹೊಟ್ಟೆಯಲ್ಲಿಟ್ಟುಕೊಂಡು ಅದೇ ತಂಡದ ವಿರುದ್ಧ ಪೆನಾಲ್ಟಿ ಕೊಡುವುದು ಎಷ್ಟು ಕಷ್ಟ! ಲೈನ್ಸ್‌ಮನ್ ಇಲ್ಲ, ಪೊಲೀಸ್ ಇಲ್ಲ. ವಿಷಲ್ ಊದಿದವನು ಅದೇ ದಾರಿಯಲ್ಲಿ ಬೈಕಿನಲ್ಲಿ ಮನೆಗೆ ಹೋಗಬೇಕು. ಊಟ, ಭತ್ಯೆ ಎರಡೂ ತಂಡಗಳ ಸಮಪಾಲಿನಲ್ಲಿ, ಆಟಕ್ಕೆ ಮೊದಲೇ ಕೊಟ್ಟು ಮುಗಿಸಿದರೆ ಏನು ನಷ್ಟ?

ತಪ್ಪು ಮಾಡಿದ ರೆಫರಿಗಳಲ್ಲಿ ಅಲಿ ಬೆನ್ನಾಸರ್ ಅವರಷ್ಟು ಹೆಸರಾದವರು ಇಲ್ಲ. ಟ್ಯುನೀಷ್ಯಾದವರು. 1986ರ ಜೂನ್ 22ರಂದು ಮೆಕ್ಸಿಕೊದಲ್ಲಿ ಅರ್ಜೆಂಟೀನಾ, ಇಂಗ್ಲೆಂಡ್ ಪಂದ್ಯ. ಮರಡೋನ ಕೈಯಿಂದ ಚೆಂಡನ್ನು ಗೋಲಿಗೆ ತಳ್ಳಿದ್ದು ಬೆನ್ನಾಸರ್‌ಗೆ ಕಾಣಲಿಲ್ಲ. ಬಲ್ಗೇರಿಯಾದ ಲೈನ್ಸ್‌ಮನ್ ಬೊಗ್ದಾನ್ ದೊಚೆವ್ ಕಡೆ ನೋಡಿದರು, ಅವರ ಬಾವುಟ ಏಳಲಿಲ್ಲ. ಗೋಲು ಕೊಟ್ಟರು. ಇಡೀ ಜಗತ್ತಿಗೆ ನೆನಪಿರುವುದು ಇಷ್ಟೇ. ನಾಲ್ಕೇ ನಿಮಿಷದ ನಂತರ ಮರಡೋನ ಅರ್ಧ ಮೈದಾನ ಓಡಿ ಹೊಡೆದ ಗೋಲು ಇದೆಯಲ್ಲ, ಆಗ ಇಂಗ್ಲೆಂಡಿನವರು ಅವರನ್ನು ಕೆಡವಲು ನೋಡುತ್ತಲೇ ಇದ್ದರು. ಯಾವ ಹೊತ್ತಿಗೂ ಫೌಲ್ ಊದಬಹುದಿತ್ತು. ಬೆನ್ನಾಸರ್ ಊದಲಿಲ್ಲ, ಆಟ ಸಾಗಲಿ ಎಂದು ಬಿಟ್ಟರು. ಒಂದೇ ಪಂದ್ಯ, ಒಬ್ಬನೇ ರೆಫರಿ. 2015ರಲ್ಲಿ ಮರಡೋನ ಟ್ಯುನೀಷ್ಯಾಕ್ಕೆ ಹೋಗಿ ಅವರ ಮನೆಯಲ್ಲೇ ಭೇಟಿಯಾಗಿ, ಸಹಿ ಹಾಕಿದ ಜೆರ್ಸಿ ಕೊಟ್ಟು ಬಂದರು. ಮೋಸ ಹೋದ ಇಂಗ್ಲೆಂಡಿನವರಿಗೆ ಅದು ಹೇಗೆ ಕಂಡಿತೋ!

ಇನ್ನು ಶ್ರೀನಿವಾಸಪುರದ ವಿಡಿಯೊ.

ಮಗ್ರಿಬ್ ಮುಗಿಸಿ ಕೋಣೆಗೆ ಬಂದು ಆ ವಿಡಿಯೊ ನೋಡಿದೆವು. ನಿಲ್ಲಿಸಿ ನಿಲ್ಲಿಸಿ ನೋಡಿದೆವು. ಕಾಲು ತಾಗಿದ್ದು ಗೆರೆಯಿಂದ ಒಂದು ಗೇಣು ಹೊರಗೆ. ಹುಡುಗ ಬಿದ್ದದ್ದು ಮಾತ್ರ ಒಳಗೆ. ಅದು ಪೆನಾಲ್ಟಿ ಅಲ್ಲ, ಫ್ರೀ ಕಿಕ್. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. "ಡಿಲೀಟ್ ಮಾಡು ಮಾರಾಯ, ನಾಳೆ ಲೋಡ್ ಆದ ಮೇಲೆ ನಾವ್ಯಾರೋ ಅವರ್ಯಾರೋ" ಎಂದ ಒಬ್ಬ. ನಾವೂ ಬೇಡ ಅನ್ನಲಿಲ್ಲ, ನಿಜ ಹೇಳಬೇಕು. ಗೆದ್ದವರು ನಮ್ಮ ಹುಡುಗರಲ್ಲವೇ? ಕಾಕ ತಸ್ಬೀಹ್ ಎಣಿಸುತ್ತಾ ಕೂತಿದ್ದರು. ಆಮೇಲೆ ಹೇಳಿದರು: "ಬೆಳಿಗ್ಗೆ ಮಂಡಿಯಲ್ಲಿ ತಕ್ಕಡಿ ಒಂದು ಕಿಲೊ ಆಚೀಚೆ ಆದ್ರೆ ದಲ್ಲಾಳಿಯ ಕಾಲರ್ ಹಿಡಿಯುವವರು ನಾವು. ಅಳತೆಯಲ್ಲಿ ಮೋಸ ಮಾಡುವವರ ಬಗ್ಗೆ ಕುರ್‌ಆನಿನಲ್ಲಿ ಒಂದು ಸೂರತ್ತೇ ಉಂಟು. ಇಟ್ಟುಕೊಳ್ಳಿ ಅದನ್ನು." ವಿಡಿಯೊ ಉಳಿಯಿತು.

ಬೆಳಿಗ್ಗೆ ಏಳೂವರೆಗೆ ಮೇಷ್ಟ್ರೇ ಮಂಡಿಗೆ ಬಂದರು. ರಾತ್ರಿ ನಿದ್ದೆ ಮಾಡಿದ ಮುಖವಲ್ಲ. ನಿನ್ನೆ ಯಾರಾದರೂ ವಿಡಿಯೊ ತೆಗೆದಿದ್ದೀರಾ ಎಂದು ಕೇಳಿದರು. ನಮ್ಮ ಹುಡುಗ ಕಾಕನ ಮುಖ ನೋಡಿದ, ಕಾಕ ತಲೆ ಆಡಿಸಿದರು. ಮೇಷ್ಟ್ರು ಮೂರು ಸಲ ನೋಡಿದರು. "ಹೊರಗೇ ಆಗಿದೆ ಸಾರ್. ನಾನು ನಿಂತಿದ್ದ ಜಾಗ ಸರಿಯಿರಲಿಲ್ಲ, ಇನ್ನೂ ನಾಲ್ಕು ಹೆಜ್ಜೆ ಓಡಬೇಕಿತ್ತು" ಅಂದರು. ಮೊಬೈಲ್ ಹಿಡಿದುಕೊಂಡೇ ತೋತಾಪುರಿ ರಾಶಿಯ ಆಚೆ ಕ್ರೇಟ್ ಹೊರುತ್ತಿದ್ದ ಎದುರು ತಂಡದ ಕ್ಯಾಪ್ಟನ್ ಹತ್ತಿರ ಹೋದರು. ಅವನು ಕ್ರೇಟ್ ಕೆಳಗಿಟ್ಟು ನೋಡಿದ. "ನಾನು ಹೇಳ್ಲಿಲ್ವಾ ಮೇಷ್ಟ್ರೆ?" ಅಂದ. "ಹೇಳ್ದೆ. ನಂದೇ ತಪ್ಪು" ಅಂದರು ಇವರು. ಹುಡುಗ ನಗಲಿಲ್ಲ, ಬೈಯಲೂ ಇಲ್ಲ. ಕ್ರೇಟ್ ಎತ್ತಿಕೊಂಡು ಹೋದ.

ಕಾಕ ಮತ್ತೆ ಕರೆದರು, "ಈಗಲಾದ್ರೂ ಚಾ ಕುಡಿಯುವನಾ?" ಮೇಷ್ಟ್ರು ಈ ಸಲ ಬೇಡ ಅನ್ನಲಿಲ್ಲ. ಗಾಡಿಯ ಹತ್ತಿರ ನಿಂತು ಕುಡಿದರು. ಕಾಕ ಜೇಬಿಗೆ ಕೈ ಹಾಕುವಷ್ಟರಲ್ಲಿ ನಮ್ಮ ನಾಲ್ಕು ಜನರ ದುಡ್ಡನ್ನೂ ಸೇರಿಸಿ ಕೊಟ್ಟುಬಿಟ್ಟಿದ್ದರು.