'ಮ'ಕಾರವಿಲ್ಲದ ರೊಟೊಕಾಸ್: ಹನ್ನೆರಡೇ ಅಕ್ಷರಗಳ ಹಿಂದಿನ ಕಥೆ

ಪಪುವಾ ನ್ಯೂಗಿನಿಗೆ ಸೇರಿದ ಬೂಗನ್‌ವಿಲ್ ದ್ವೀಪ ಸುದ್ದಿಯಾದದ್ದು ಹೆಚ್ಚಾಗಿ ತಾಮ್ರದ ಗಣಿಯಿಂದ, ಇಲ್ಲವೇ 1988ರಿಂದ ಒಂದು ದಶಕ ನಡೆದ ಅಂತಃಕಲಹದಿಂದ. ಭಾಷಾವಿಜ್ಞಾನಿಗಳಿಗೆ ಮಾತ್ರ ಅದು ಪರಿಚಿತವಾಗಿರುವುದು ಬೇರೊಂದು ಕಾರಣಕ್ಕೆ. ಅಲ್ಲಿನ ಕೆಲವೇ ಸಾವಿರ ಜನರು ಆಡುವ ರೊಟೊಕಾಸ್ ಭಾಷೆಯನ್ನು ಬರೆಯಲು ಬಳಕೆಯಾಗುವ ರೋಮನ್ ಅಕ್ಷರಗಳು ಬರೀ 12.

ಕ್ವಿಜ್ ಪುಸ್ತಕಗಳು ಈ ಸಂಖ್ಯೆಯನ್ನು ಒಮ್ಮೆ 11 ಎನ್ನುತ್ತವೆ, ಒಮ್ಮೆ 12 ಎನ್ನುತ್ತವೆ. ಎರಡರಲ್ಲೂ ಹುರುಳಿದೆ. ಈ ಭಾಷೆಯಲ್ಲಿ ಅ, ಇ, ಉ, ಎ, ಒ ಎಂಬ ಐದು ಸ್ವರಗಳಿವೆ. ದೀರ್ಘವನ್ನು ಅದೇ ಅಕ್ಷರವನ್ನು ಎರಡು ಬಾರಿ ಬರೆದು ಸೂಚಿಸಲಾಗುತ್ತದೆ. ವ್ಯಂಜನಗಳು ಆರು: ಪ, ತ, ಕ ಮತ್ತು ವ, ರ, ಗ. ಇದರಲ್ಲಿ 'ವ'ವನ್ನು ಎರಡೂ ತುಟಿಗಳನ್ನು ಹತ್ತಿರ ತಂದು ಉಚ್ಚರಿಸಬೇಕು. ಹನ್ನೆರಡನೆಯದಾದ 'ಸ' ಸ್ವತಂತ್ರ ಧ್ವನಿಯಲ್ಲ, 'ಇ'ಕಾರದ ಮುಂದೆ 'ತ'ಕಾರವು ತಳೆಯುವ ರೂಪ. ಧ್ವನಿಗಳು ಕಡಿಮೆಯಾದುದರಿಂದ ಪದಗಳು ಉದ್ದವಾಗುವುದೂ ಉಂಟು. ಎರಡು ಕಣ್ಣುಗಳಿಗೆ ಅವರ ಪದ 'ಒಸಿರೆಇತೊಅರೆಇ'!

ಎಲ್ಲಕ್ಕಿಂತ ಅಚ್ಚರಿಯ ಸಂಗತಿ ಅನುನಾಸಿಕಗಳ ಗೈರುಹಾಜರಿ. ಲೋಕದ ಬಹುತೇಕ ಭಾಷೆಗಳಲ್ಲಿ ಮಗುವಿನ ಬಾಯಿಗೆ ಮೊದಮೊದಲೇ ಬರುವ 'ಮ', 'ನ'ಗಳು ಇಲ್ಲಿ ಪ್ರತ್ಯೇಕ ಧ್ವನಿಗಳಾಗಿ ಇಲ್ಲ. ಇರ್ವಿನ್ ಮತ್ತು ಜಾಕ್ವೆಲಿನ್ ಫರ್ಚೋ ದಂಪತಿ 1969ರಲ್ಲಿ ಪ್ರಕಟಿಸಿದ ವಿವರಣೆಯಲ್ಲಿ ಒಂದು ಸ್ವಾರಸ್ಯದ ಮಾತಿದೆ: ಅನುನಾಸಿಕಗಳು ಕೇಳಿಬರುವುದೇ ಅಪರೂಪ, ಪರದೇಶದವರು ತಮ್ಮ ಭಾಷೆಯನ್ನು ಆಡಲು ತಿಣುಕುವುದನ್ನು ಅಣಕಿಸುವಾಗ ಜನರು ಅವನ್ನು ಬಳಸುತ್ತಾರಂತೆ. ಅಂದರೆ ನಾಲಿಗೆಗೆ ಅಸಾಧ್ಯವೇನಲ್ಲ, ಭಾಷೆಗೆ ಬೇಕಾಗಿಲ್ಲ ಅಷ್ಟೆ.

ಇಷ್ಟಕ್ಕೇ ನಿಂತಿದ್ದರೆ ರೊಟೊಕಾಸ್ ಹುಟ್ಟಿನಿಂದಲೇ 'ಸರಳ' ಭಾಷೆ ಎಂಬ ಭಾವನೆ ಉಳಿದುಬಿಡುತ್ತಿತ್ತು. ಆದರೆ ಮೇಲಿನ ಲೆಕ್ಕವೆಲ್ಲ ಮಧ್ಯ ರೊಟೊಕಾಸ್ ಎಂಬ ಒಂದು ಉಪಭಾಷೆಗೆ ಸೇರಿದ್ದು. ಐತಾ ಎಂಬ ಇನ್ನೊಂದು ಉಪಭಾಷೆಯನ್ನು ಅಧ್ಯಯನ ಮಾಡಿದ ಸ್ಟುವರ್ಟ್ ರಾಬಿನ್‌ಸನ್ 2006ರಲ್ಲಿ ಬೇರೆಯೇ ಚಿತ್ರ ನೀಡಿದರು. ಐತಾದಲ್ಲಿ ವ್ಯಂಜನಗಳು ಒಂಬತ್ತು. ಅನುನಾಸಿಕಗಳು ಮೂರೂ ಅಲ್ಲಿವೆ. ಐತಾದವರು ಬೇರೆ ಬೇರೆಯಾಗಿ ನುಡಿಯುವ ಮ-ವ, ನ-ರ, ಙ-ಗ ಜೋಡಿಗಳು ಮಧ್ಯ ರೊಟೊಕಾಸಿನಲ್ಲಿ ಒಂದೊಂದೇ ಧ್ವನಿಯಾಗಿ ಬೆರೆತುಹೋಗಿವೆ.

ಐತಾದ ಪದವನ್ನು ಬಲ್ಲವರು ಮಧ್ಯ ರೊಟೊಕಾಸಿನ ರೂಪವನ್ನು ಊಹಿಸಬಲ್ಲರು. ಮಧ್ಯ ರೊಟೊಕಾಸಿನಿಂದ ಐತಾದ ರೂಪವನ್ನು ಊಹಿಸಲಾಗದು. ಆದ್ದರಿಂದ ಮೂಲ ಭಾಷೆ ಐತಾವನ್ನು ಹೋಲುತ್ತಿತ್ತು, ಹನ್ನೆರಡು ಅಕ್ಷರಗಳ ಸರಳತೆ ಅನಂತರದ ನಷ್ಟ ಎಂಬುದು ರಾಬಿನ್‌ಸನ್ ಅವರ ತೀರ್ಮಾನ.

ಕನ್ನಡಿಗರಿಗೆ ಇದು ಅಪರಿಚಿತ ಪ್ರಕ್ರಿಯೆಯಲ್ಲ. ಹಳಗನ್ನಡದಲ್ಲಿ 'ಪೞೆಯ', 'ಪಳ್ಳಿ' ಎಂದು ಭೇದವಿದ್ದ ಎರಡು ಧ್ವನಿಗಳು ಇಂದಿನ 'ಹಳೆಯ', 'ಹಳ್ಳಿ'ಗಳಲ್ಲಿ ಒಂದೇ ಆಗಿವೆ. ನಮಗಾದರೋ ಅದನ್ನು ತಿಳಿಯಲು ಶಾಸನಗಳಿವೆ, ನೆರೆಯ ತಮಿಳಿದೆ. ಶಾಸನಗಳಿಲ್ಲದ ರೊಟೊಕಾಸಿಗೆ ಆ ಸಾಕ್ಷ್ಯ ದೊರೆತದ್ದು ಐತಾ ಜನರ ಬಾಯಿಂದ.