ಸಾಧನಕೇರಿ: ವಿದ್ಯಾಪೀಠದ ನೆರೆಯ ಓಣಿ

ಅಂಕಲಗಿಯ ಸುತ್ತಣ ಹಳ್ಳಿಗಳ ಮಕ್ಕಳಿಗೆ ಉಚ್ಚ ಶಿಕ್ಷಣವೆಂದರೆ ಬಹುಕಾಲ ಧಾರವಾಡವೇ ಆಗಿದ್ದಿತು. 1917ರಲ್ಲಿ ಅಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. 1949ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಗೊಂಡ ಕರ್ನಾಟಕ ವಿಶ್ವವಿದ್ಯಾಲಯವು ಮರುವರ್ಷವೇ ಧಾರವಾಡಕ್ಕೆ ಬಂದಿತು. ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ ಅದನ್ನು ಕಟ್ಟಿ ಬೆಳೆಸಿದ ಉಪಕುಲಪತಿ ಡಿ. ಸಿ. ಪಾವಟೆಯವರು ಗೋಕಾಕ ತಾಲೂಕಿನ ಮಮದಾಪುರದವರೆಂಬುದು ಈ ನಾಡಿಗೆ ಅಭಿಮಾನದ ಸಂಗತಿ.

ಈ ವಿದ್ಯಾಕೇಂದ್ರಗಳ ನೆರೆಯಲ್ಲಿ, ಕೆರೆಯ ಮಗ್ಗುಲಿಗೆ, ಸಾಧನಕೇರಿಯಿದೆ. 1973ರ ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾದ ವರಕವಿ ದ. ರಾ. ಬೇಂದ್ರೆಯವರ ಮನೆ ಇಲ್ಲಿಯದೇ. ಅವರನ್ನು ಕೇಂದ್ರವಾಗಿಟ್ಟುಕೊಂಡು ಧಾರವಾಡದಲ್ಲಿ ಬೆಳೆದ ಗೆಳೆಯರ ಗುಂಪಿನಲ್ಲಿ ಗೋಕಾಕ ತಾಲೂಕಿನ ಬೆಟಗೇರಿಯ ಕೃಷ್ಣಶರ್ಮರೂ ಇದ್ದರು. ‘ಆನಂದಕಂದ’ರೆಂದು ಹೆಸರಾದ ಅವರು ಧಾರವಾಡದಿಂದ ‘ಜಯಂತಿ’ ಪತ್ರಿಕೆಯನ್ನು ನಡೆಸಿದರು. ಕಾವ್ಯ, ಚರ್ಚೆ, ಪತ್ರಿಕೆಗಳೆಲ್ಲ ಮನೆಯ ಪಡಸಾಲೆಯಲ್ಲಿಯೇ ರೂಪುಗೊಂಡ ಕಾಲವದು.

ಇಂತಹ ಓಣಿಯ ಮಹತ್ವವೇನು? ತರಗತಿಯಲ್ಲಿ ವಿದ್ಯಾರ್ಥಿಗೆ ಗ್ರಂಥ ದೊರೆಯುತ್ತದೆ. ಓಣಿಯಲ್ಲಿ ಗ್ರಂಥಕರ್ತನೇ ಎದುರಾಗುತ್ತಾನೆ. ಹಳ್ಳಿಯ ಬಾಲಕನಿಗೆ ಪಂಡಿತನೂ ತನ್ನಂತೆಯೇ ಜೋಳದ ರೊಟ್ಟಿ ಉಣ್ಣುವ, ಸಂತೆಗೆ ಹೋಗುವ ಮನುಷ್ಯನೆಂದು ತಿಳಿದಾಗ ವಿದ್ಯೆಯ ಭಯ ಅಳಿಯುತ್ತದೆ.

2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯವು ಸ್ಥಾಪನೆಗೊಂಡಿತು. ಈ ಭಾಗದ ಬಡ ವಿದ್ಯಾರ್ಥಿಗಳಿಗೆ ಪದವಿ ಸಮೀಪವಾಯಿತು. ಅದು ನಿಸ್ಸಂದೇಹವಾಗಿ ದೊಡ್ಡ ಉಪಕಾರ. ಆದರೆ ಧಾರವಾಡದ ಓಣಿಗಳೊಡನಿದ್ದ ಬಳಕೆ ತೆಳುವಾಗುತ್ತಿದೆ. ಬೇಂದ್ರೆಯವರು 1981ರಲ್ಲಿ ಕಾಲವಾದರು. ಅವರ ಮನೆಯ ಬಳಿ ಬೇಂದ್ರೆ ಭವನವಿದೆ. ಶಾಲೆಗಳು ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವುದು ಕಷ್ಟದ ಕೆಲಸವಲ್ಲ. ದಾನಿಗಳ ನೆರವಿನಿಂದ ಕಟ್ಟಡಗಳು ಏಳುತ್ತವೆ. ಅವುಗಳ ನೆರೆಯಲ್ಲಿ ಗುರುಶಿಷ್ಯರ ಸಹವಾಸವೂ ಬೆಳೆದಾಗಲೇ ವಿದ್ಯಾದಾನವು ಪೂರ್ಣವಾಗುತ್ತದೆ.